ಅಪ್ಪನ ಲೆನ್ಸು, ಅವ್ವನ ಚಿತ್ರ

ನಮ್ಮ ನಡುಮನೆಯ ಗೋಡೆಯ ಮೇಲೆ ಅಪ್ಪನ ಒಂದು ಛಾಯಾಚಿತ್ರವಿದೆ. ಅದರಲ್ಲಿ ಅಪ್ಪನ ಮುಖ ಮಸುಕಾಗಿದೆ. ಅವರ ಬೆನ್ನ ಹಿಂದಿನ ಗೇಟಿನ ಕಂಬ, ಕಂಬದ ಪಕ್ಕದ ದಾಸವಾಳದ ಗಿಡ, ಆ ಗಿಡದ ಎಲೆಯಂಚಿನ ಹಲ್ಲುಗಳು ಎಲ್ಲವೂ ಎಣಿಸಬಹುದಾದಷ್ಟು ಸ್ಪಷ್ಟವಾಗಿವೆ. ಚಿತ್ರ ತೆಗೆದವನು ನಾನೇ. ೧೯೭೯ರಲ್ಲಿ, ನನ್ನ ಹನ್ನೆರಡನೆಯ ವಯಸ್ಸಿನಲ್ಲಿ.

ನನ್ನ ತಂದೆಯವರು ಧಾರವಾಡದ ಕಡೆಯಿಂದ ವಾಸ್ಕೋಗೆ ಬಂದದ್ದು ೧೯೬೪ರಲ್ಲಿ. ೧೯೬೧ರ ಡಿಸೆಂಬರ್ ೧೯ರಂದು ಗೋವೆ ಪೋರ್ಚುಗೀಜರಿಂದ ಬಿಡುಗಡೆ ಹೊಂದಿ ಆಗಿನ್ನೂ ಮೂರು ವರ್ಷ ತುಂಬಿರಲಿಲ್ಲ. ಮಾರ್ಮಗೋವಾ ಬಂದರಿನ ಕೆಲಸಕ್ಕೆ, ಗಣಿಯ ಕೆಲಸಕ್ಕೆ, ಮನೆ ಕಟ್ಟುವ ಕೆಲಸಕ್ಕೆಂದು ಘಟ್ಟದ ಮೇಲಿನಿಂದ ರೈಲು ಹತ್ತಿ ಬಂದ ಕನ್ನಡಿಗರಲ್ಲಿ ಅವರೂ ಒಬ್ಬರು. ಕೆಲವು ಕಾಲ ಬಂದರಿನಲ್ಲಿ ಲೆಕ್ಕ ಬರೆದು, ಆಮೇಲೆ ಒಂದು ಓಣಿಯಲ್ಲಿ ಸಣ್ಣ ಫೋಟೋ ಸ್ಟುಡಿಯೋ ತೆರೆದರು. ಅಲ್ಲಿಗೆ ಬರುತ್ತಿದ್ದವರಲ್ಲಿ ಹೆಚ್ಚಿನವರು ನಮ್ಮವರೇ. ತೆಗೆಸುತ್ತಿದ್ದುದು ಊರಿಗೆ ಕಳಿಸುವ ಫೋಟೋ. ಅಕ್ಷರ ಬಾರದ ಹಮಾಲನಿಗೆ ಆ ಫೋಟೋವೇ ಕಾಗದ. ‘ಕ್ಷೇಮದಿಂದಿದ್ದೇನೆ, ಮೈ ಕೈ ತುಂಬಿಕೊಂಡಿದ್ದೇನೆ, ಕೈಗಡಿಯಾರವನ್ನೂ ಕೊಂಡಿದ್ದೇನೆ’ ಎಂದು ಅದು ಹೇಳುತ್ತಿತ್ತು. ಕೈಗಡಿಯಾರ ಮಾತ್ರ ಸ್ಟುಡಿಯೋದ್ದು. ಎಷ್ಟೋ ಮಣಿಕಟ್ಟುಗಳ ಮೇಲೆ ಅದೊಂದೇ ಗಡಿಯಾರ ಊರೂರು ತಿರುಗಿತು.

೧೯೭೮ರಲ್ಲಿ, ಹಡಗಿನ ಕೆಲಸದಲ್ಲಿದ್ದ ಗೋವೆಯ ಗೆಳೆಯರೊಬ್ಬರು ಅಪ್ಪನಿಗೆ ಒಂದು ನಿಕಾನ್ ಎಫ್‌ಎಂ ಕ್ಯಾಮೆರಾವನ್ನೂ, ಅದಕ್ಕೆ ೫೦ ಮಿಲಿಮೀಟರಿನ, ಎಫ್ ೧.೪ ಅಪರ್ಚರಿನ ಲೆನ್ಸನ್ನೂ ತಂದುಕೊಟ್ಟರು. ಆ ಕ್ಯಾಮೆರಾ ಪೇಟೆಗೆ ಬಂದು ಒಂದೇ ವರ್ಷವಾಗಿತ್ತು. ಅದರ ಹಣ ತೀರಿಸಲು ಅಪ್ಪನಿಗೆ ಎರಡು ವರ್ಷ ಹಿಡಿಯಿತು. ಅಂಥ ವಸ್ತುವನ್ನು ಒಂದು ಸಂಜೆ ನನ್ನ ಕೈಗೆ ಕೊಟ್ಟು, ಅಂಗಳದಲ್ಲಿ ನಿಂತು, “ಕಣ್ಣು ಹಿಡಿಯಪಾ. ಕಣ್ಣಾಗ ಬೆಳಕಿನ ಚುಕ್ಕಿ ಇರತೈತಲ್ಲ, ಅದನ್ನ ಹಿಡಿ” ಎಂದರು.

ಆ ಕ್ಯಾಮೆರಾದ ವ್ಯೂಫೈಂಡರಿನ ನಡುವೆ ಒಂದು ಪುಟ್ಟ ವೃತ್ತವಿತ್ತು. ಅಡ್ಡಗೆರೆಯೊಂದು ಅದನ್ನು ಎರಡು ಹೋಳಾಗಿ ಸೀಳಿತ್ತು. ಫೋಕಸ್ ತಪ್ಪಿದ್ದಾಗ ಮೇಲಿನ ಹೋಳಿನಲ್ಲಿ ಕಾಣುವ ಕಂಬ ಒಂದು ಕಡೆಗೂ ಕೆಳಗಿನ ಹೋಳಿನ ಕಂಬ ಇನ್ನೊಂದು ಕಡೆಗೂ ಸರಿದು, ಮುರಿದ ಕಡ್ಡಿಯಂತೆ ಕಾಣುತ್ತಿದ್ದವು. ಲೆನ್ಸಿನ ರಿಂಗನ್ನು ತಿರುಗಿಸುತ್ತ ಹೋದಂತೆ ಎರಡೂ ಹತ್ತಿರ ಬಂದು ಒಂದೇ ಗೆರೆಯಾದರೆ ಫೋಕಸ್ ಕೂಡಿತೆಂದು ಅರ್ಥ. ಹನ್ನೆರಡು ವರ್ಷದ ಹುಡುಗನಿಗೆ ಮನುಷ್ಯನ ಮುಖದಲ್ಲಿ ನೆಟ್ಟನೆಯ ಗೆರೆ ಎಲ್ಲಿ ಸಿಕ್ಕೀತು? ಹಿಂದಿದ್ದ ಗೇಟಿನ ಕಂಬ ಕಂಡಿತು. ಅದನ್ನು ಕೂಡಿಸಿದೆ, ಗುಂಡಿ ಒತ್ತಿದೆ. ಸಂಜೆಯ ಮಬ್ಬು ಬೆಳಕಾದ್ದರಿಂದ ಲೆನ್ಸು ಪೂರ್ತಿ ತೆರೆದಿತ್ತು. ತಪ್ಪಿಗೆ ಎಡೆಯೇ ಇರಲಿಲ್ಲ. ಕಂಬ ಕೂಡಿತು, ಅಪ್ಪ ಕೂಡಲಿಲ್ಲ.

ಪ್ರಿಂಟು ನೋಡಿ ಅಪ್ಪ ನಕ್ಕು, “ಗಿಡ ಛಲೋ ಬಂದೈತಿ” ಎಂದಷ್ಟೇ ಹೇಳಿದರು. ಮತ್ತೊಮ್ಮೆ ತೆಗೆಯೋಣವೆಂದು ಇಬ್ಬರೂ ಅಂದುಕೊಂಡೆವು, ತೆಗೆಯಲಿಲ್ಲ. ಊರವರ ಮುಖಗಳನ್ನೆಲ್ಲ ಹಿಡಿದಿಟ್ಟ ಮನುಷ್ಯ ತಾನು ಕ್ಯಾಮೆರಾದ ಮುಂದೆ ನಿಲ್ಲಲು ಪುರಸೊತ್ತು ಮಾಡಿಕೊಳ್ಳಲಿಲ್ಲ. ೧೯೯೮ರಲ್ಲಿ ಅವರು ತೀರಿಕೊಂಡಾಗ, ಗುರುತಿನ ಚೀಟಿಗಳ ಅಂಚೆಚೀಟಿ ಗಾತ್ರದ ಮುಖಗಳನ್ನು ಬಿಟ್ಟರೆ ಮನೆಯಲ್ಲಿದ್ದುದು ಆ ಒಂದೇ ಚಿತ್ರ. ಅದನ್ನು ಹಿಗ್ಗಿಸಿ ಗೋಡೆಗೆ ಹಾಕಿದೆವು. ಹಿಗ್ಗಿಸಿದಷ್ಟೂ ಮಸುಕೇ ದೊಡ್ಡದಾಯಿತು.

ಕ್ಯಾಮೆರಾ ಆಮೇಲೆ ಹೆಚ್ಚು ಕಾಲ ಬಾಳಲಿಲ್ಲ. ಜೂನಿನಿಂದ ಸೆಪ್ಟೆಂಬರಿನವರೆಗಿನ ಗೋವೆಯ ಮಳೆಗಾಲ ಯಾವ ಯಂತ್ರಕ್ಕೂ ಸುಲಭವಾದುದಲ್ಲ. ಲೆನ್ಸು ಮಾತ್ರ ತೊಗಲಿನ ಚೀಲದೊಳಗೆ, ಕಪಾಟಿನಲ್ಲಿ ಉಳಿಯಿತು. ತೊಗಲಿನ ಚೀಲ ರಕ್ಷಣೆಯೆಂದು ನಾವು ತಿಳಿದದ್ದೇ ತಪ್ಪು. ತೊಗಲು ತೇವವನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಮೂರು ವರ್ಷಗಳ ಹಿಂದೆ ತೆಗೆದು ನೋಡಿದಾಗ ಗಾಜಿನೊಳಗೆ ಜೇಡರ ಬಲೆಯಂತೆ ಬೂಷ್ಟು ಹಬ್ಬಿತ್ತು. ಹುಬ್ಬಳ್ಳಿಯಲ್ಲಿ ಬಲ್ಲವರೊಬ್ಬರು ಬಿಚ್ಚಿ ಒರೆಸಿಕೊಟ್ಟರು. ಈಗ ಅದು ಬಿಗಿಮುಚ್ಚಳದ ಡಬ್ಬಿಯಲ್ಲಿ, ತೇವ ಹೀರುವ ಸಿಲಿಕಾ ಜೆಲ್ಲಿನ ಪೊಟ್ಟಣಗಳ ನಡುವೆ ಮಲಗುತ್ತದೆ.

ಲೆನ್ಸು ಉಳಿದರೂ ಅದನ್ನು ಹಾಕುವುದೆಲ್ಲಿ? ನನ್ನ ಮಗಳ ಬಳಿ ನಿಕಾನ್ ಡಿ೭೨೦೦ ಎಂಬ ಡಿಜಿಟಲ್ ಎಸ್‌ಎಲ್‌ಆರ್ ಕ್ಯಾಮೆರಾ ಇತ್ತು. ತಾನು ಹೊಸದೊಂದನ್ನು ಕೊಂಡಾಗ ಅದನ್ನು ನನಗೆ ಕೊಟ್ಟಳು. ಲೆನ್ಸು ಕೂಡುವ ಬಾಯಿಯ ಅಳತೆಯನ್ನು ನಿಕಾನಿನವರು ತಮ್ಮ ಎಸ್‌ಎಲ್‌ಆರ್‌ಗಳಲ್ಲಿ ೧೯೫೯ರಿಂದಲೂ ಉಳಿಸಿಕೊಂಡು ಬಂದವರು. ಅಪ್ಪನ ಲೆನ್ಸನ್ನು ಇಟ್ಟು ತಿರುಗಿಸಿದೆ. ಹಳೆಯ ಪೆಟ್ಟಿಗೆಗೆ ಹಳೆಯ ಬೀಗ ಕೂತಂತೆ ಕಟ್ಟೆಂದು ಕೂತಿತು. ಲೆನ್ಸು ೫೦ ಮಿಲಿಮೀಟರಿನದು, ಎಫ್ ೧.೪ರದು ಎಂದು ಕ್ಯಾಮೆರಾದ ಪಟ್ಟಿಯಲ್ಲಿ ನಮೂದಿಸಿದರೆ ಅದು ಬೆಳಕನ್ನೂ ಅಳೆದು ಹೇಳುತ್ತದೆ. ಫೋಕಸನ್ನು ಮಾತ್ರ ಕೈಯಿಂದಲೇ ಮಾಡಬೇಕು.

ಗಡಿಯಾಚೆಯ ನಮ್ಮ ಎಷ್ಟೋ ಮನೆಗಳ ಕಪಾಟುಗಳಲ್ಲಿ ಇಂಥ ಲೆನ್ಸುಗಳು ಇರಬಹುದಾದ್ದರಿಂದ ಒಂದೆರಡು ಎಚ್ಚರಿಕೆಯ ಮಾತು. ೧೯೭೭ಕ್ಕೆ ಮುಂಚಿನ ನಿಕಾನ್ ಲೆನ್ಸುಗಳನ್ನು, ಅವುಗಳ ಹಿಂಬದಿಯ ಅಂಚನ್ನು ತಿದ್ದಿಸದೆ ಇಂಥ ಕ್ಯಾಮೆರಾಗಳಿಗೆ ಹಾಕಬಾರದು; ಬಾಯಿಯ ಸುತ್ತಲಿನ ಪುಟ್ಟ ಮೀಟುಗೋಲು ಮುರಿದೀತು. ಝೆನಿಟ್, ಪ್ರಾಕ್ಟಿಕಾ ಮುಂತಾದ ಕ್ಯಾಮೆರಾಗಳ ತಿರುಪಿನ ಲೆನ್ಸುಗಳಿಗೆ ಬಾಯಿಯಿಂದ ಫಿಲ್ಮಿಗೆ ೪೫.೪೬ ಮಿಲಿಮೀಟರ್ ದೂರವಿರಬೇಕು. ನಿಕಾನಿನಲ್ಲಿ ಆ ದೂರವೇ ೪೬.೫, ಆದ್ದರಿಂದ ಅಲ್ಲಿ ಬರಿಯ ಅಡಾಪ್ಟರಿನಿಂದ ದೂರದ ಗುಡ್ಡ ಎಂದಿಗೂ ಸ್ಪಷ್ಟವಾಗದು. ಕ್ಯಾನನ್ ಎಸ್‌ಎಲ್‌ಆರ್‌ಗಳಲ್ಲಿ ಅದು ೪೪ ಮಿಲಿಮೀಟರ್. ಅಲ್ಲಿ ತೆಳುವಾದ ಅಡಾಪ್ಟರೊಂದು ಸಾಕು. ಒಂದು ಮಿಲಿಮೀಟರಿಗೆ ಇಷ್ಟು ಬೆಲೆಯಿದೆ.

ಅವ್ವನಿಗೆ ಈಗ ಎಂಬತ್ತೆರಡು. ಅಪ್ಪನ ವಿಷಯದಲ್ಲಿ ಆದದ್ದು ಅವ್ವನ ವಿಷಯದಲ್ಲಿ ಆಗಬಾರದೆಂಬುದು ನನ್ನ ಮನಸ್ಸಿನಲ್ಲಿತ್ತು. ನಾವಿರುವ ಗೋವೆಯ ಹಳೆಯ ಮನೆಗೆ ಮುಂದೆ ಬಲ್ಕಾಂವ್ ಇದೆ. ಎರಡು ಬದಿಗೆ ಕೂರಲು ಕಟ್ಟೆಯಿರುವ, ಬೀದಿಗೆ ತೆರೆದ ಮೊಗಸಾಲೆ. ಅಲ್ಲಿ ಅವ್ವನನ್ನು ಇಳಕಲ್ ಸೀರೆಯುಡಿಸಿ ಕೂರಿಸಿ, ಅಪ್ಪನ ಲೆನ್ಸಿನಿಂದ ಇಪ್ಪತ್ತು ಚಿತ್ರ ತೆಗೆದೆ. ವ್ಯೂಫೈಂಡರಿನಲ್ಲಿ ಎಲ್ಲವೂ ಸೊಗಸಾಗಿ ಕಂಡಿತು. ಕಂಪ್ಯೂಟರಿನ ಪರದೆಯ ಮೇಲೆ ಹಿಗ್ಗಿಸಿ ನೋಡಿದರೆ ಒಂದರಲ್ಲೂ ಕಣ್ಣು ಸ್ಪಷ್ಟವಾಗಿಲ್ಲ! ತಲೆಯ ಮೇಲೆ ಹೊದ್ದ ಸೆರಗಿನ ದಡಿಯಲ್ಲಿ ಎಳೆಎಳೆಯೂ ಕಾಣುತ್ತಿದೆ. ಅದರ ಮುಂದಿನ ಮುಖ ಮಂಜಿನೊಳಗಿದೆ. ಫೋಕಸ್ ಮತ್ತೆ ಹಿಂದಕ್ಕೇ ಬಿದ್ದಿತ್ತು. ಅವ್ವ ನೋಡಿ, “ಸೀರಿ ಭಾಳ ಛಂದ ಬಂದೈತಿ” ಎಂದಳು. ನಾಲ್ವತ್ತು ವರ್ಷಗಳಾದ ಮೇಲೂ ನಾನು ಅದೇ ಹುಡುಗನಾಗಿದ್ದೆ.

ದೋಷ ಎಲ್ಲಿದೆಯೆಂದು ಹುಡುಕಲು ಕೂತೆ. ಮೊದಲು ಲೆಕ್ಕ ಹಾಕಿದೆ. ಈ ಲೆನ್ಸನ್ನು ಪೂರ್ತಿ ತೆರೆದು, ಒಂದೂವರೆ ಮೀಟರ್ ದೂರದ ಮುಖಕ್ಕೆ ಹಿಡಿದರೆ, ಈ ಕ್ಯಾಮೆರಾದಲ್ಲಿ ಸ್ಪಷ್ಟವೆನ್ನಿಸಿಕೊಳ್ಳುವ ಆಳ ಸುಮಾರು ೫ ಸೆಂಟಿಮೀಟರ್ ಮಾತ್ರ. ಮುಂದೆ ಎರಡೂವರೆ, ಹಿಂದೆ ಎರಡೂವರೆ. ಕಣ್ಣಿಗೂ ಕಿವಿಗೂ ನಡುವಿನ ಅಂತರವೇ ಅದಕ್ಕಿಂತ ಹೆಚ್ಚು. ಕ್ಯಾಮೆರಾದ ಒಳಗಂತೂ ಅಂತರ ಇನ್ನೂ ಸೂಕ್ಷ್ಮ: ಬಿಂಬ ಬೀಳುವ ಸ್ಥಳ ೦.೦೩ ಮಿಲಿಮೀಟರಿನಷ್ಟು, ಅಂದರೆ ತಲೆಗೂದಲಿನ ಅರ್ಧ ದಪ್ಪದಷ್ಟು ಸರಿದರೂ ಚಿತ್ರ ಮಸುಕಾಗುತ್ತದೆ.

ಎರಡನೆಯದಾಗಿ, ಒಂದು ಹಲಗೆಯನ್ನು ಓರೆಯಾಗಿ ನಿಲ್ಲಿಸಿ ಅದಕ್ಕೆ ಕನ್ನಡ ದಿನಪತ್ರಿಕೆಯ ಹಾಳೆಯನ್ನು ಅಂಟಿಸಿದೆ. ಕ್ಯಾಮೆರಾವನ್ನು ಟ್ರೈಪಾಡಿನ ಮೇಲಿಟ್ಟು, ನಡುವಿನ ಒಂದು ಸಾಲಿಗೆ ಪೆನ್ಸಿಲಿನಿಂದ ಗೆರೆ ಹಾಕಿ, ಅದಕ್ಕೇ ಫೋಕಸ್ ಮಾಡಿ ತೆಗೆದೆ. ಹತ್ತು ಸಲ ತೆಗೆದರೆ ಹತ್ತು ಬಗೆ: ಒಮ್ಮೆ ಎರಡು ಸಾಲು ಹಿಂದೆ, ಒಮ್ಮೆ ಐದು ಸಾಲು ಹಿಂದೆ. ಲೆನ್ಸಿನಲ್ಲೋ ಯಂತ್ರದಲ್ಲೋ ದೋಷವಿದ್ದರೆ ತಪ್ಪು ಪ್ರತಿಸಲವೂ ಒಂದೇ ಅಳತೆಯದಾಗಿರಬೇಕು. ಹೀಗೆ ಅಲೆದಾಡುವ ತಪ್ಪು ನೋಡುವವನದು.

ಆಗ ವ್ಯೂಫೈಂಡರಿನ ಪಕ್ಕದ ಪುಟ್ಟ ಚಕ್ರ ನೆನಪಾಯಿತು. ನೋಡುವವರ ಕಣ್ಣಿನ ನಂಬರಿಗೆ ವ್ಯೂಫೈಂಡರನ್ನು ಹೊಂದಿಸುವ ಚಕ್ರವದು. ಮಗಳಿಗೆ ದೂರದ ದೃಷ್ಟಿ ಮಂದ. ಕನ್ನಡಕ ತೆಗೆದಿಟ್ಟು ಕ್ಯಾಮೆರಾದೊಳಗೆ ನೋಡುವವಳು. ಚಕ್ರವನ್ನು ಆಕೆ ತನ್ನ ಕಣ್ಣಿಗೆ ಹೊಂದಿಸಿಕೊಂಡಿದ್ದಳು, ನಾನು ಅದನ್ನು ಮುಟ್ಟಿಯೇ ಇರಲಿಲ್ಲ. ಇಷ್ಟು ದಿನ ನಾನು ಅವ್ವನನ್ನು ಮಗಳ ಕಣ್ಣಿನಿಂದ ನೋಡಿದ್ದೆ! ಸ್ವಯಂಚಾಲಿತ ಫೋಕಸ್ ಇರುವವರಿಗೆ ಈ ಚಕ್ರದಿಂದ ನಷ್ಟವಿಲ್ಲ, ಯಂತ್ರ ತನ್ನ ಕೆಲಸ ತಾನು ಮಾಡುತ್ತದೆ. ಕೈಯಿಂದ ಮಾಡುವವನಿಗೆ ಇದೇ ಮೊದಲ ಮೆಟ್ಟಿಲು. ಲೆನ್ಸಿನ ಮುಚ್ಚಳ ತೆಗೆದು ಬರಿಯ ಆಕಾಶಕ್ಕೆ ಕ್ಯಾಮೆರಾ ಹಿಡಿಯಬೇಕು. ದೃಶ್ಯವನ್ನು ನೋಡದೆ, ವ್ಯೂಫೈಂಡರಿನೊಳಗೆ ಬರೆದಿರುವ ಚೌಕದ ಗುರುತುಗಳನ್ನೇ ನೋಡುತ್ತ, ಅವು ಸೂಜಿಯಲ್ಲಿ ಗೀರಿದಷ್ಟು ಚೂಪಾಗುವವರೆಗೆ ಚಕ್ರವನ್ನು ತಿರುಗಿಸಬೇಕು. ಕನ್ನಡಕ ಹಾಕುವವರು ಯಾವ ಕನ್ನಡಕದಲ್ಲಿ ಚಿತ್ರ ತೆಗೆಯುವರೋ ಅದನ್ನೇ ಹಾಕಿಕೊಂಡು ಇದನ್ನು ಮಾಡಬೇಕು.

ಚಕ್ರ ಹೊಂದಿಸಿದ ಮೇಲೆ ಪತ್ರಿಕೆಯ ಸಾಲುಗಳು ಹತ್ತಿರ ಬಂದವು. ಆದರೂ ಒಂದೆರಡು ಸಾಲಿನ ಅಲೆದಾಟ ಉಳಿಯಿತು. ಇದಕ್ಕೆ ಕಾರಣ ವ್ಯೂಫೈಂಡರಿನ ತೆರೆ. ಅಪ್ಪನ ಕಾಲದ ತೆರೆ ಕೈಯಿಂದ ಫೋಕಸ್ ಮಾಡುವವನಿಗಾಗಿ ಮಾಡಿದ್ದು: ಸ್ವಲ್ಪ ಮಬ್ಬು, ಸ್ವಲ್ಪ ಒರಟು, ನಡುವೆ ಆ ಸೀಳಿದ ವೃತ್ತ. ಫೋಕಸ್ ತಪ್ಪಿದ ಭಾಗ ಅದರ ಮೇಲೆ ಎದ್ದು ಕಾಣುತ್ತಿತ್ತು. ೧೯೮೫ರಲ್ಲಿ ಮಿನೋಲ್ಟಾ ಕಂಪನಿಯ ೭೦೦೦ ಎಂಬ ಕ್ಯಾಮೆರಾದೊಂದಿಗೆ ಸ್ವಯಂಚಾಲಿತ ಫೋಕಸಿನ ಕಾಲ ತೊಡಗಿತು. ಆಮೇಲಿನ ತೆರೆಗಳು ಕಡಿಮೆ ಬೆಳಕಿನ ಝೂಮ್ ಲೆನ್ಸುಗಳಲ್ಲಿಯೂ ಹೊಳೆಯುವಂತೆ ಸಿದ್ಧವಾದವು. ಅವುಗಳ ಮೇಲೆ ಎಫ್ ೧.೪ರ ಲೆನ್ಸಿನ ಚಿತ್ರವೂ ಎಫ್ ೨.೮ರ ಲೆನ್ಸಿನದರಂತೆ, ಇರುವುದಕ್ಕಿಂತ ಹೆಚ್ಚು ಆಳದವರೆಗೆ ಸ್ಪಷ್ಟವಾಗಿ ಕಾಣುತ್ತದೆ. ನಂಬದವರು ಪರೀಕ್ಷಿಸಬಹುದು. ಲೆನ್ಸಿನ ರಿಂಗನ್ನು ೨ಕ್ಕೆ ತಿರುಗಿಸಿ, ಅಪರ್ಚರನ್ನು ಕಿರಿದುಮಾಡಿ ತೋರಿಸುವ ಪ್ರಿವ್ಯೂ ಗುಂಡಿಯನ್ನು ಒತ್ತಿ. ಲೆನ್ಸಿನೊಳಗೆ ಬೆಳಕು ಅರ್ಧವಾಗಿರುತ್ತದೆ. ವ್ಯೂಫೈಂಡರಿನಲ್ಲಿ ಮಾತ್ರ ಏನೂ ಬದಲಾದಂತೆ ತೋರದು. ಜೊತೆಗೆ, ಸೆನ್ಸರು ಫಿಲ್ಮಿಗಿಂತ ಚಿಕ್ಕದಾದ್ದರಿಂದ ನೋಟವೂ ಚಿಕ್ಕದು. ಎಫ್‌ಎಂನಲ್ಲಿ ಕಾಣುತ್ತಿದ್ದುದರ ಸುಮಾರು ಮುಕ್ಕಾಲು ಪಾಲು ಅಗಲ.

ಹಾಗಾದರೆ ಯಾವುದನ್ನು ನಂಬುವುದು? ಎರಡು ಸಾಧನಗಳಿವೆ. ಮೊದಲನೆಯದು ವ್ಯೂಫೈಂಡರಿನ ಮೂಲೆಯಲ್ಲಿ ಹತ್ತುವ ಹಸುರು ಚುಕ್ಕೆ. ಲೆನ್ಸು ಹಳೆಯದಾದರೂ ಕ್ಯಾಮೆರಾದ ಫೋಕಸ್ ಅಳೆಯುವ ಕಣ್ಣು ಸತ್ತಿರುವುದಿಲ್ಲ. ಆರಿಸಿದ ಚೌಕದೊಳಗಿನ ವಸ್ತು ಫೋಕಸಿಗೆ ಬಂದಾಗ ಚುಕ್ಕೆ ಹತ್ತುತ್ತದೆ. ಆದರೆ ಅದು ಒಂದು ಬಿಂದುವಿನಲ್ಲಿ ಹತ್ತಿ ಆರುವ ದೀಪವಲ್ಲ; ರಿಂಗಿನ ಸ್ವಲ್ಪ ತಿರುವಿನುದ್ದಕ್ಕೂ ಹತ್ತಿಯೇ ಇರುತ್ತದೆ. ಹತ್ತಿದೊಡನೆ ಗುಂಡಿ ಒತ್ತಿದರೆ ತಪ್ಪು. ಎಲ್ಲಿ ಹತ್ತಿತು, ಎಲ್ಲಿ ಆರಿತು ಎಂಬ ಎರಡು ಅಂಚುಗಳನ್ನೂ ಬೆರಳಿನಿಂದ ಅರಿತು ನಡುವಿಗೆ ಹಿಂದಿರುಗಬೇಕು. ಎರಡನೆಯದು ಲೈವ್ ವ್ಯೂ. ಕನ್ನಡಿ ಮೇಲೆ ಸರಿದು, ಸೆನ್ಸರಿನ ಮೇಲೆ ಬಿದ್ದ ಚಿತ್ರವೇ ಹಿಂದಿನ ಪರದೆಯಲ್ಲಿ ಕಾಣುತ್ತದೆ. ಬೇಕಾದ ಭಾಗವನ್ನು ಹಿಗ್ಗಿಸಿ ರಿಂಗನ್ನು ತಿರುಗಿಸಬಹುದು. ಚಿತ್ರ ದಾಖಲಾಗುವ ಸ್ಥಳದಲ್ಲೇ ನೋಡುವುದರಿಂದ ಇಲ್ಲಿ ಮೋಸವಿಲ್ಲ. ಕ್ಯಾಮೆರಾ ಅಲುಗದಿದ್ದರೆ, ಎದುರಿನದೂ ಅಲುಗದಿದ್ದರೆ ಇದಕ್ಕಿಂತ ನಿಖರವಾದ ದಾರಿ ಈ ಕ್ಯಾಮೆರಾದಲ್ಲಿಲ್ಲ.

ಅಲುಗದ ವಸ್ತುವಿನ ಮೇಲೆ ಕೈ ಪಳಗಿಸಲೆಂದು ತಾಂಬ್ಡಿ ಸುರ್ಲಾಕ್ಕೆ ಹೋದೆ. ಮೊಲೆಂ ಕಾಡಿನ ಅಂಚಿನಲ್ಲಿ, ಘಟ್ಟದ ಬುಡದಲ್ಲಿ, ಕದಂಬರ ಕಾಲದ ಮಹಾದೇವನ ಗುಡಿಯಿದೆ. ಹನ್ನೆರಡನೆಯ ಶತಮಾನದ್ದು, ಕಪ್ಪು ಕಲ್ಲಿನದು. ಗೋವೆಯ ಕದಂಬರು ಕನ್ನಡದಲ್ಲಿ ಶಾಸನ ಬರೆಸಿದವರು. ನಮ್ಮವರಿಗೆ ಆ ಗುಡಿಯ ಮುಂದೆ ನಿಂತಾಗ ಪರವೂರಿನಲ್ಲಿ ಹಳೆಯ ನೆಂಟರ ಮನೆ ಸಿಕ್ಕಂತಾಗುತ್ತದೆ. ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್ ಊರಲು ಅನುಮತಿ ಬೇಕು. ಅದಿಲ್ಲದೆ ಹೋದ ನಾನು ಮೊಣಕೈಗಳನ್ನು ಮೊಣಕಾಲಿಗೆ ಆನಿಸಿ ನೆಲದ ಮೇಲೆ ಕೂತೆ. ಮಂಟಪದೊಳಗೆ ಕತ್ತಲೆ. ನಡುವೆ ತಲೆಯಿಲ್ಲದ ನಂದಿ, ಒಂದು ಕಂಬದ ಬುಡದಲ್ಲಿ ಕುದುರೆಯನ್ನು ತುಳಿಯುವ ಆನೆ. ಹಸುರು ಚುಕ್ಕೆಯ ಎರಡು ಅಂಚುಗಳನ್ನು ಬೆರಳಿಗೆ ಕಲಿಸಿದ್ದು ಆ ಆನೆ. ಕಲ್ಲಿಗೆ ಬೇಸರವಿಲ್ಲ, ಉಸಿರಾಟವಿಲ್ಲ; ಎಂಟು ನೂರು ವರ್ಷ ಕಾದದ್ದು ಇನ್ನರ್ಧ ಗಂಟೆ ಕಾಯಿತು. ಮನೆಗೆ ಬಂದು ಹಿಗ್ಗಿಸಿ ನೋಡಿದಾಗ ಆನೆಯ ಮೇಲಿನ ಉಳಿಯ ಗೀರುಗಳೂ ಕಂಡವು.

ಜೀವವಿರುವವರು ಹಾಗಲ್ಲ. ಕೂತಲ್ಲೇ ಕೂತರೂ ಉಸಿರಿಗೆ ಮೈ ಮುಂದೆ ಹಿಂದೆ ಆಡುತ್ತದೆ. ತೆಗೆಯುವವನ ಮೈಯೂ ಆಡುತ್ತದೆ. ಇಬ್ಬರ ಆಟ ಸೇರಿದರೆ ಆ ಎರಡೂವರೆ ಸೆಂಟಿಮೀಟರ್ ಯಾವ ಮೂಲೆಗೆ ಸಾಕು? ಈ ಮಾತು ತಿಳಿದ ಮೇಲೆ ನಾನು ಎಫ್ ೧.೪ರ ಮೋಹವನ್ನು ಬಿಟ್ಟೆ. ೨.೮ಕ್ಕೆ ಇಳಿಸಿದರೆ ಆಳ ಸುಮಾರು ೧೦ ಸೆಂಟಿಮೀಟರ್ ಆಗುತ್ತದೆ, ೪ಕ್ಕೆ ಇಳಿಸಿದರೆ ೧೪. ಹಿಂದಿನ ಬೀದಿ ಆಗಲೂ ಸಾಕಷ್ಟು ಕರಗುತ್ತದೆ, ಮುಖ ಉಳಿಯುತ್ತದೆ. ಅಪ್ಪ ಸ್ಟುಡಿಯೋದಲ್ಲಿ ಮುಖಗಳನ್ನು ೪ಕ್ಕಿಂತ ಹೆಚ್ಚು ತೆರೆದು ತೆಗೆಯುತ್ತಲೇ ಇರಲಿಲ್ಲವೆಂಬುದು ಆಗ ನೆನಪಾಯಿತು.

‘ಇಷ್ಟೆಲ್ಲ ಪಾಡೇಕೆ? ಹೊಸ ಕ್ಯಾಮೆರಾಗಳು ಕಣ್ಣನ್ನು ತಾವೇ ಹುಡುಕಿ ಹಿಡಿಯುತ್ತವಲ್ಲ?’ ಎಂದು ಓದುಗರು ಕೇಳಬಹುದು. ಮಗಳೂ ಕೇಳಿದಳು. ನಿಜ, ಆಕೆಯ ಹೊಸ ಕ್ಯಾಮೆರಾ ನಾನು ಒಂದು ತಾಸು ಹೆಣಗುವುದನ್ನು ರೆಪ್ಪೆ ಮಿಟುಕುವುದರೊಳಗೆ ಮಾಡುತ್ತದೆ. ಮೊಮ್ಮಕ್ಕಳು ಅಂಗಳದಲ್ಲಿ ಓಡುವಾಗ ನಾನು ಅದನ್ನೇ ಕೇಳಿ ಪಡೆಯುತ್ತೇನೆ. ಆದರೆ ಈ ಲೆನ್ಸಿನ ರಿಂಗಿನ ಮೇಲಿನ ರಬ್ಬರು ಅಪ್ಪನ ಬೆರಳುಗಳಿಗೆ ಸವೆದದ್ದು. ಅದರಿಂದ ಅವ್ವನ ಒಂದು ಸರಿಯಾದ ಚಿತ್ರ ಬರಬೇಕೆಂಬ ಆಸೆಗೆ ನನ್ನ ಬಳಿ ಬೇರೆ ಸಮರ್ಥನೆ ಇಲ್ಲ.

ಕಳೆದ ಕಾರ್ತಿಕದ ಒಂದು ಬೆಳಗ್ಗೆ ಮತ್ತೆ ಅವ್ವನನ್ನು ಬಲ್ಕಾಂವ್‌ನಲ್ಲಿ ಕೂರಿಸಿದೆ. ಈ ಸಲ ಕಟ್ಟೆಯ ಮೂಲೆಯಲ್ಲಿ, ಬೆನ್ನು ಗೋಡೆಗೆ ಆನುವಂತೆ. ನನ್ನ ಬೆನ್ನನ್ನು ಎದುರು ಕಂಬಕ್ಕೆ ಆನಿಸಿದೆ. ಅಪರ್ಚರ್ ೨.೮. ಫೋಕಸಿನ ಚೌಕವನ್ನು ನಡುವಿನಿಂದ ಸರಿಸಿ ಆಕೆಯ ಎಡಗಣ್ಣಿನ ಮೇಲಿಟ್ಟೆ. ನಡುವೆ ಫೋಕಸ್ ಮಾಡಿ ಆಮೇಲೆ ಕ್ಯಾಮೆರಾ ತಿರುಗಿಸಿದರೆ ದೂರವೂ ತುಸು ಬದಲಾಗುತ್ತದೆ. “ಎಲ್ಲಿ ನೋಡಲಿ?” ಎಂದಳು. ಬೀದಿಯ ಕಡೆ ನೋಡೆಂದೆ. ಪಕ್ಕದ ಮನೆಯ ಕೊಂಕಣಿ ಹೆಂಗಸು ಹೂ ತೆಗೆದುಕೊಂಡು ಹೋಗುತ್ತ ಏನೋ ಕೇಳಿದರು. ಅವ್ವ ತನ್ನ ಧಾರವಾಡದ ಕೊಂಕಣಿಯಲ್ಲಿ ಉತ್ತರ ಕೊಟ್ಟಳು. ಕಣ್ಣಿನೊಳಗೆ ಬೀದಿಯ ಬೆಳಕಿನ ಒಂದು ಚುಕ್ಕೆ ಹೊಳೆಯಿತು. ಹಸುರು ದೀಪ ಹತ್ತಿತು, ಆರಿತು. ನಡುವಿಗೆ ಬಂದೆ, ಒತ್ತಿದೆ. ಹಾಗೆ ಮೂವತ್ತಾರು, ಅಪ್ಪನ ಕಾಲದ ಒಂದು ಪೂರ್ತಿ ರೀಲು. ಹಿಗ್ಗಿಸಿ ನೋಡಿದಾಗ ಹನ್ನೊಂದರಲ್ಲಿ ಕಣ್ಣು ಕೂಡಿತ್ತು. ಕೈಯಿಂದ ಫೋಕಸ್ ಮಾಡುವವನು ಉಳಿದ ಇಪ್ಪತ್ತೈದಕ್ಕೆ ಮರುಗಬಾರದು.

ಆ ಹನ್ನೊಂದರಲ್ಲಿ ಒಂದನ್ನು ಕಾಗದಕ್ಕಿಳಿಸಿ ಅವ್ವನ ಕೈಗೆ ಕೊಟ್ಟೆ. ಹತ್ತಿರ ಹಿಡಿದಳು, ದೂರ ಹಿಡಿದಳು, ಮತ್ತೆ ಸ್ವಲ್ಪ ಹತ್ತಿರ ತಂದು ತನ್ನ ಕಣ್ಣಿಗೆ ಸರಿಯಾದಲ್ಲಿ ನಿಲ್ಲಿಸಿದಳು. ಬಹಳ ಹೊತ್ತು ನೋಡಿ, “ಇಷ್ಟು ಗೆರಿ ಬಿದ್ದಾವೇನೋ ನನ್ನ ಮಾರಿಗೆ?” ಎಂದಳು.

ನಾನು ಉತ್ತರ ಹುಡುಕುತ್ತಿದ್ದೆ. ಅಷ್ಟರಲ್ಲಿ ಆಕೆ ತಲೆಯೆತ್ತಿ ಗೋಡೆಯ ಮೇಲಿನ ಅಪ್ಪನ ಚಿತ್ರವನ್ನು ನೋಡಿದಳು. “ಅವರದರಾಗ ಆ ದಾಸಾಳದ ಗಿಡ ಎಷ್ಟು ಛಂದ ಬಂದೈತಿ ನೋಡು. ನಾನ ಹಚ್ಚಿದ್ದು ಅದು. ಮನಿ ಬಿಡೂ ಮುಂದ ಅಲ್ಲೇ ಬಿಟ್ಟು ಬಂದ್ವಿ” ಎಂದಳು. ನಾಲ್ವತ್ತು ವರ್ಷಗಳಿಂದ ಆ ಚಿತ್ರದಲ್ಲಿ ನನಗೆ ಕಾಣುತ್ತಿದ್ದುದು ನನ್ನ ತಪ್ಪೊಂದೇ. ಅವ್ವ ಅದರಲ್ಲಿ ತಾನು ನೆಟ್ಟ ಗಿಡವನ್ನೂ ನೋಡುತ್ತ ಬಂದಿದ್ದಳು.

ಎರಡು ಚಿತ್ರಗಳೂ ಈಗ ಒಂದೇ ಗೋಡೆಯ ಮೇಲಿವೆ. ಇನ್ನೊಂದು ಪ್ರತಿಯನ್ನು ಹುಬ್ಬಳ್ಳಿಯಲ್ಲಿರುವ ತಂಗಿಗೆ ಕಳಿಸೆಂದು ಅವ್ವ ಹೇಳಿದ್ದಾಳೆ. ಹಿಂಬದಿಯಲ್ಲಿ ಏನಾದರೂ ಬರೆಯಬೇಕೇ ಎಂದು ಕೇಳಿದೆ.

“ಏನೂ ಬ್ಯಾಡ. ಮಾರಿ ಕಾಣತೈತಲ್ಲ, ಅಷ್ಟ ಸಾಕು” ಎಂದಳು.